10.99: ಒಬ್ಬ ಎಳೆಯ ಓಟಗಾರ್ತಿಯ ಸಮಯವನ್ನು ಓದುವುದು ಹೇಗೆ?

2014ರ ಜುಲೈ ತಿಂಗಳಲ್ಲಿ ಅಮೆರಿಕದ ಓರೆಗಾನ್ ರಾಜ್ಯದ ಯೂಜೀನ್ ನಗರದಲ್ಲಿ ವಿಶ್ವ ಜೂನಿಯರ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು. ಹೇವರ್ಡ್ ಫೀಲ್ಡ್ ಕ್ರೀಡಾಂಗಣದಲ್ಲಿ ನಡೆದ ಮಹಿಳೆಯರ 100 ಮೀಟರ್ ಫೈನಲ್‌ನಲ್ಲಿ ಬ್ರಿಟನ್ನಿನ ಡೀನಾ ಆಷರ್-ಸ್ಮಿತ್ 11.23 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಎಕ್ವಡಾರ್‌ನ ಆಂಜೆಲಾ ತೆನೋರಿಯೊ 11.39 ಸೆಕೆಂಡುಗಳಲ್ಲಿ ಎರಡನೆಯವರಾಗಿಯೂ ಅಮೆರಿಕದ ಕೇಲಿನ್ ವಿಟ್ನಿ 11.45 ಸೆಕೆಂಡುಗಳಲ್ಲಿ ಮೂರನೆಯವರಾಗಿಯೂ ಬಂದರು. ಅದೇ ಕೂಟದ 200 ಮೀಟರ್ ಓಟದಲ್ಲಿ ತೆನೋರಿಯೊ ಅವರಿಗೆ ಕಂಚಿನ ಪದಕವೂ ಸಿಕ್ಕಿತು. ಸರಿಯಾಗಿ ಒಂದು ವರ್ಷದ ಬಳಿಕ, 2015ರ ಜುಲೈ 22ರಂದು, ಕೆನಡಾದ ಟೊರಾಂಟೊದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಅವರು 100 ಮೀಟರನ್ನು 10.99 ಸೆಕೆಂಡುಗಳಲ್ಲಿ ಓಡಿದರು. ಆಗ ಅವರಿಗೆ 19 ವರ್ಷ.

ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದೇ ವರ್ಷದಲ್ಲಿ 0.40 ಸೆಕೆಂಡಿನಷ್ಟು ಪ್ರಗತಿ ಕಾಣುತ್ತದೆ. ಇದೇ ಗತಿಯಲ್ಲಿ ಮುಂದುವರಿದರೆ ಇನ್ನೆರಡು ವರ್ಷಗಳಲ್ಲಿ ಈಕೆ ಜಗತ್ತಿನ ಅಗ್ರ ಓಟಗಾರ್ತಿಯಾಗುತ್ತಾರೆ ಎಂದು ಯಾರಿಗಾದರೂ ಅನ್ನಿಸಬಹುದು. ಎಳೆಯ ಓಟಗಾರರ ಬಗೆಗಿನ ಬಹುಪಾಲು ನಿರೀಕ್ಷೆಗಳು ಹುಟ್ಟುವುದು ಹೀಗೆಯೇ, ಮತ್ತು ಅವುಗಳಲ್ಲಿ ಬಹುಪಾಲು ಹುಸಿಯಾಗುವುದೂ ಇದೇ ಕಾರಣಕ್ಕೆ. ಓಟದ ಸಮಯ ಎಂಬುದು ಓಟಗಾರ್ತಿಯ ಸಾಮರ್ಥ್ಯದ ನೇರ ಅಳತೆಯಲ್ಲ. ಗಾಳಿ, ಮೈದಾನದ ಎತ್ತರ, ಸ್ಪರ್ಧೆಯ ಸುತ್ತುಗಳು, ಹುಟ್ಟಿದ ವರ್ಷ, ಪಕ್ಕದ ಲೇನ್‌ನಲ್ಲಿ ಓಡುವವರು ಇವೆಲ್ಲ ಸೇರಿ ಅದನ್ನು ರೂಪಿಸುತ್ತವೆ. ತೆನೋರಿಯೊ ಅವರ ಆರಂಭದ ವರ್ಷಗಳನ್ನು ಈ ಅಂಶಗಳ ಸಹಿತ ಓದಿದಾಗ ಸಿಗುವ ಕಥೆ, ಬರೀ ಫಲಿತಾಂಶದ ಪಟ್ಟಿ ಹೇಳುವ ಕಥೆಗಿಂತ ಹೆಚ್ಚು ಸ್ವಾರಸ್ಯಕರವಾಗಿದೆ.

ತೆನೋರಿಯೊ 1996ರ ಜನವರಿ 27ರಂದು ಎಕ್ವಡಾರ್‌ನ ಲೋಸ್ ರಿಯೋಸ್ ಪ್ರಾಂತ್ಯದ ಬುವೆನಾ ಫೆ ಎಂಬ ಊರಿನಲ್ಲಿ ಹುಟ್ಟಿದರು. ಬಾಳೆ ಮತ್ತು ಕೋಕೋ ಬೆಳೆಯುವ, ಆಂಡಿಸ್ ಪರ್ವತಸಾಲಿನ ಪಶ್ಚಿಮಕ್ಕಿರುವ ಬಿಸಿ ಸೀಮೆ ಅದು. ಅವರು ಹುಟ್ಟಿದ ವರ್ಷವೇ ಎಕ್ವಡಾರ್ ತನ್ನ ಮೊದಲ ಒಲಿಂಪಿಕ್ ಪದಕವನ್ನು ಕಂಡಿತು: ಅಟ್ಲಾಂಟಾದಲ್ಲಿ ಜೆಫರ್ಸನ್ ಪೆರೆಸ್ 20 ಕಿಲೋಮೀಟರ್ ನಡಿಗೆಯಲ್ಲಿ ಚಿನ್ನ ಗೆದ್ದರು. 2008ರಲ್ಲಿ ಅವರೇ ಮತ್ತೆ ಬೆಳ್ಳಿ ತಂದರು. ಟೊರಾಂಟೊ ಓಟದ ಹೊತ್ತಿಗೆ ಆ ದೇಶದ ಒಲಿಂಪಿಕ್ ಖಾತೆಯಲ್ಲಿ ಇದ್ದದ್ದು ಈ ಎರಡೇ ಪದಕಗಳು, ಎರಡೂ ಒಬ್ಬನೇ ವ್ಯಕ್ತಿಯವು, ಎರಡೂ ಬೆಟ್ಟದ ನಾಡಿನ ಕ್ವೆಂಕಾ ನಗರದಿಂದ ಬಂದ ನಡಿಗೆಗಾರನವು. ವೇಗದ ಓಟಕ್ಕೆ ಅಲ್ಲಿ ಅಂಥ ಪರಂಪರೆ ಇರಲಿಲ್ಲ. ಕರಾವಳಿಯ ಎಸ್ಮೆರಾಲ್ದಾಸ್‌ನ ಆಲೆಕ್ಸ್ ಕಿನ್ಯೋನೆಸ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫೈನಲ್ ತಲುಪಿದಾಗಲೇ ಆ ದೇಶದಿಂದ ಸ್ಪ್ರಿಂಟರ್‌ಗಳೂ ಬರಬಲ್ಲರು ಎಂಬುದು ಹೊರಗಿನವರ ಗಮನಕ್ಕೆ ಬಂತು. ಜನಸಂಖ್ಯೆಯಲ್ಲಿ ಎಕ್ವಡಾರ್ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪವೇ ದೊಡ್ಡದು. ಖಂಡದ ಸ್ಪರ್ಧೆಗಳಲ್ಲಿ ಅದು ಎದುರಿಸಬೇಕಾದದ್ದು ಇಪ್ಪತ್ತು ಕೋಟಿ ಜನರ ಬ್ರೆಜಿಲ್ ಅನ್ನು.

ಈಗ ಯೂಜೀನ್‌ನ 11.39ಕ್ಕೆ ಮರಳೋಣ. ನಮ್ಮ ದೇಶದ ಓದುಗರಿಗೆ ಅದರ ತೂಕ ತಿಳಿಯಲು ಒಂದು ಸಂಗತಿ ಸಾಕು: ಆ ವರ್ಷ ಭಾರತದ ಮಹಿಳೆಯರ 100 ಮೀಟರ್ ರಾಷ್ಟ್ರೀಯ ದಾಖಲೆ 11.38 ಆಗಿತ್ತು, ರಚಿತಾ ಮಿಸ್ತ್ರಿ ಅದನ್ನು 2000ದಲ್ಲಿ ಸ್ಥಾಪಿಸಿದ್ದರು. ಹಾಗೆಂದು ಈ 11.39 ತೆನೋರಿಯೊ ಅವರ ನಿಜವಾದ ಮಟ್ಟ ಎಂದು ತಿಳಿದರೆ ಎಡವುತ್ತೇವೆ. ಮೂರನೆಯವರಾಗಿ ಬಂದ ವಿಟ್ನಿ ಅವರನ್ನು ನೋಡಿ. ಅದೇ ತಿಂಗಳ ಆರಂಭದಲ್ಲಿ, ಇದೇ ಹೇವರ್ಡ್ ಫೀಲ್ಡ್‌ನಲ್ಲಿ ನಡೆದ ಅಮೆರಿಕದ ಜೂನಿಯರ್ ಚಾಂಪಿಯನ್‌ಷಿಪ್‌ನಲ್ಲಿ ಅವರು 11.10 ಸೆಕೆಂಡುಗಳಲ್ಲಿ ಓಡಿದ್ದರು. ಮೈದಾನ ಅದೇ, ತಿಂಗಳು ಅದೇ, ಕಾಲುಗಳೂ ಅವೇ. ಆದರೂ ವಿಶ್ವ ಕೂಟದ ಫೈನಲ್‌ನಲ್ಲಿ ಅವರ ಸಮಯ 0.35 ಸೆಕೆಂಡಿನಷ್ಟು ಹೆಚ್ಚಾಯಿತು. ಗೆದ್ದ ಆಷರ್-ಸ್ಮಿತ್ ಕೂಡ ಆ ಬೇಸಿಗೆಯಲ್ಲಿ 11.23ಕ್ಕಿಂತ ವೇಗವಾಗಿ ಓಡಿದ್ದವರೇ. ಹೀಟ್ಸ್, ಸೆಮಿಫೈನಲ್, ಫೈನಲ್ ಎಂದು ಸುತ್ತಿನ ಮೇಲೆ ಸುತ್ತು ಓಡುವ ಕೂಟದಲ್ಲಿ, ಎದುರುಗಾಳಿಯೂ ಮಾನಸಿಕ ಒತ್ತಡವೂ ಸೇರಿಕೊಂಡಾಗ, ಎಂಟೂ ಓಟಗಾರ್ತಿಯರ ಸಮಯ ಒಟ್ಟಿಗೇ ಹಿಂದೆ ಸರಿಯುವುದುಂಟು. ಆದ್ದರಿಂದ ಚಾಂಪಿಯನ್‌ಷಿಪ್ ಫೈನಲ್‌ನ ಫಲಿತಾಂಶದಲ್ಲಿ ಮೊದಲು ಓದಬೇಕಾದದ್ದು ಯಾರು ಯಾರನ್ನು ಸೋಲಿಸಿದರು ಎಂಬುದನ್ನು. ಗಡಿಯಾರದ ಅಂಕಿ ಎರಡನೆಯದು. 11.10 ಓಡಿದ್ದ ವಿಟ್ನಿ ಅವರನ್ನು ತೆನೋರಿಯೊ ಅಂದು ಹಿಂದಿಕ್ಕಿದರು ಎಂಬುದರಲ್ಲಿ 11.39ಕ್ಕಿಂತ ಹೆಚ್ಚು ಮಾಹಿತಿ ಇದೆ. ಮರುವರ್ಷದ 0.40 ಸೆಕೆಂಡಿನ ಜಿಗಿತದಲ್ಲಿ ಒಂದು ಪಾಲು ನಿಜವಾದ ಬೆಳವಣಿಗೆ, ಇನ್ನೊಂದು ಪಾಲು ಆ ದಿನ ಯೂಜೀನ್‌ನಲ್ಲಿ ಎಲ್ಲರೂ ನಿಧಾನವಾಗಿದ್ದುದರ ಫಲ.

ಗಾಳಿಯ ವಿಷಯಕ್ಕೆ ಬಂದರೆ, 100 ಮೀಟರ್ ಓಟದಲ್ಲಿ ಗುರಿಗೆರೆಯಿಂದ 50 ಮೀಟರ್ ಹಿಂದೆ, ಒಂದನೇ ಲೇನ್‌ನ ಪಕ್ಕದಲ್ಲಿ, 1.22 ಮೀಟರ್ ಎತ್ತರದಲ್ಲಿ ಗಾಳಿ ಮಾಪಕವನ್ನು ನಿಲ್ಲಿಸಿರುತ್ತಾರೆ. ಓಟ ಆರಂಭವಾದ ಕ್ಷಣದಿಂದ 10 ಸೆಕೆಂಡುಗಳ ಕಾಲ ಅದು ಓಟದ ದಿಕ್ಕಿನ ಗಾಳಿಯ ವೇಗವನ್ನು ಅಳೆಯುತ್ತದೆ. ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ ಆ ಸಮಯ ದಾಖಲೆಗೆ ಪರಿಗಣನೆಯಾಗುವುದಿಲ್ಲ. ಪದಕಕ್ಕೆ ಮಾತ್ರ ಅದರಿಂದ ಯಾವ ಬಾಧಕವೂ ಇಲ್ಲ. ಮಿತಿಯ ತುದಿಯಲ್ಲಿರುವ ಗಾಳಿ ಗಾಳಿಯೇ ಇಲ್ಲದ ದಿನಕ್ಕೆ ಹೋಲಿಸಿದರೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅನುಕೂಲ ಕೊಡುತ್ತದೆ ಎಂಬುದು ಒಪ್ಪಿತ ಅಂದಾಜು. ಎದುರುಗಾಳಿಯಾದರೆ ಅದೇ ವೇಗಕ್ಕೆ ಆಗುವ ನಷ್ಟ ಈ ಲಾಭಕ್ಕಿಂತ ತುಸು ಹೆಚ್ಚು. 2015ರ ಜೂನ್‌ನಲ್ಲಿ ಅಮೆರಿಕದ ಕ್ಯಾಂಡೇಸ್ ಹಿಲ್ 16ನೇ ವಯಸ್ಸಿನಲ್ಲಿ 10.98 ಸೆಕೆಂಡುಗಳಲ್ಲಿ ಓಡಿ ಸುದ್ದಿಯಾದಾಗ ಮಾಪಕ ತೋರಿಸಿದ್ದು ಸರಿಯಾಗಿ 2.0 ಅನ್ನು. ಇನ್ನೊಂದು ಕೂದಲೆಳೆಯಷ್ಟು ಗಾಳಿ ಬೀಸಿದ್ದರೆ ಆ ಓಟ ದಾಖಲೆ ಪುಸ್ತಕದಲ್ಲಿ ಇರುತ್ತಲೇ ಇರಲಿಲ್ಲ. ಇದರಿಂದ ಹಿಲ್ ಅವರ ಸಾಧನೆ ಕಡಿಮೆಯಾಗುವುದಿಲ್ಲ, ನಿಯಮ ನಿಯಮವೇ. ಆದರೆ ಎರಡು ಸಮಯಗಳನ್ನು ಹೋಲಿಸುವವರು ಪಕ್ಕದಲ್ಲಿ ಆವರಣದೊಳಗೆ ಬರೆದಿರುವ ಗಾಳಿಯ ಅಂಕಿಯನ್ನು ಬಿಟ್ಟು ಓದಬಾರದು. 200 ಮೀಟರ್‌ನಲ್ಲಂತೂ ಗಾಳಿಯನ್ನು ಅಳೆಯುವುದು ಓಟಗಾರ್ತಿಯರು ತಿರುವು ಮುಗಿಸಿ ನೇರ ಹಾದಿಗೆ ಬಂದ ಮೇಲೆ ಮಾತ್ರ, ಹಾಗಾಗಿ ಅಲ್ಲಿನ ಅಂಕಿ ಓಟದ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ.

ಎತ್ತರದ ಪ್ರಶ್ನೆ ದಕ್ಷಿಣ ಅಮೆರಿಕದಲ್ಲಿ ಬೇರೆಲ್ಲ ಖಂಡಗಳಿಗಿಂತ ಹೆಚ್ಚು ಏಳುತ್ತದೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಓಡುವ ದೇಹಕ್ಕೆ ಅದು ಒಡ್ಡುವ ತಡೆ ಕಡಿಮೆಯಾಗುತ್ತದೆ. ಉಸಿರಿನ ಕೊರತೆ ಬಾಧಿಸುವುದಕ್ಕೆ ಮುಂಚೆಯೇ ಸ್ಪ್ರಿಂಟ್ ಓಟ ಮುಗಿದಿರುತ್ತದೆ. ಹೀಗಾಗಿ 1000 ಮೀಟರಿಗಿಂತ ಎತ್ತರದ ಮೈದಾನದಲ್ಲಿ ಓಡಿದ ಸಮಯಕ್ಕೆ ಅಂಕಿಅಂಶದ ಪಟ್ಟಿಗಳಲ್ಲಿ ಪ್ರತ್ಯೇಕ ಗುರುತು ಹಾಕುವ ರೂಢಿಯಿದೆ, ಆದರೂ ದಾಖಲೆಗೆ ಅದು ಸಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರು ಈ ಗೆರೆಯ ಕೆಳಗೆ ಸ್ವಲ್ಪದರಲ್ಲಿ ಉಳಿದುಕೊಳ್ಳುತ್ತದೆ. ಎಕ್ವಡಾರ್‌ನ ರಾಜಧಾನಿ ಕೀಟೊ 2800 ಮೀಟರಿಗೂ ಮೇಲಿದೆ, ಬೊಗೊಟಾ ಮತ್ತು ಕೊಚಬಾಂಬಾ 2500 ಮೀಟರ್ ದಾಟುತ್ತವೆ. ಆಂಡಿಸ್ ದೇಶಗಳ ಓಟಗಾರ್ತಿಯೊಬ್ಬರು ಒಳ್ಳೆಯ ಸಮಯ ಓಡಿದ ಸುದ್ದಿ ಬಂದಾಗ ಯುರೋಪಿನ ಪಂಡಿತರು ಮೊದಲು ಕೇಳುವುದು ಅದು ಯಾವ ಊರಿನಲ್ಲಿ ಎಂದು. ಈ ಅನುಮಾನ ಕೆಲವೊಮ್ಮೆ ಅತಿಯಾಗುತ್ತದೆ ಎಂದೇ ನನ್ನ ಅಭಿಪ್ರಾಯ.

ಟೊರಾಂಟೊದಲ್ಲಿ ಅಂಥ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಯಾರ್ಕ್ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಆ ಮೈದಾನ ಎತ್ತರದ್ದಲ್ಲ, ಫೈನಲ್‌ನ ಗಾಳಿ ಮಿತಿಯೊಳಗಿತ್ತು. ಜಮೈಕಾದ ಶೆರೋನ್ ಸಿಂಪ್ಸನ್ 10.95ರಲ್ಲಿ ಗೆದ್ದರು, ತೆನೋರಿಯೊ 10.99ರಲ್ಲಿ ಬೆಳ್ಳಿ ಪಡೆದರು, ಅಮೆರಿಕದ ಬಾರ್ಬರಾ ಪಿಯರ್ 11.01ರಲ್ಲಿ ಮೂರನೆಯವರಾದರು. ಸಿಂಪ್ಸನ್ 2008ರ ಬೀಜಿಂಗ್ ಒಲಿಂಪಿಕ್ಸ್‌ನ 100 ಮೀಟರ್‌ನಲ್ಲಿ ಬೆಳ್ಳಿ ಹಂಚಿಕೊಂಡವರು. ಆ ಒಲಿಂಪಿಕ್ಸ್ ನಡೆದಾಗ ತೆನೋರಿಯೊ ಅವರಿಗೆ 12 ವರ್ಷ. ಇಬ್ಬರ ನಡುವಿನ 0.04 ಸೆಕೆಂಡನ್ನು ನೆಲದ ಮೇಲೆ ಅಳೆದರೆ ಸುಮಾರು 40 ಸೆಂಟಿಮೀಟರ್ ಆಗುತ್ತದೆ, ಏಕೆಂದರೆ ಈ ಮಟ್ಟದ ಓಟಗಾರ್ತಿಯರು ಗುರಿಯ ಬಳಿ ಸೆಕೆಂಡಿಗೆ ಹತ್ತು ಮೀಟರಿನ ಆಸುಪಾಸಿನ ವೇಗದಲ್ಲಿರುತ್ತಾರೆ.

10.99 ಎಂಬ ಅಂಕಿಯನ್ನೂ ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಗುರಿಗೆರೆಯ ನೇರಕ್ಕೆ ನಿಲ್ಲಿಸಿದ ಫೋಟೊ ಫಿನಿಶ್ ಕ್ಯಾಮೆರಾ ಆ ತೆಳುಗೆರೆಯೊಂದನ್ನೇ ಮತ್ತೆ ಮತ್ತೆ ಚಿತ್ರೀಕರಿಸುತ್ತಾ ಹೋಗುತ್ತದೆ. ಆ ಚಿತ್ರದಲ್ಲಿ ಓಟಗಾರ್ತಿಯ ಮುಂಡದ ಭಾಗ ಗೆರೆಯನ್ನು ಮುಟ್ಟಿದ ಕ್ಷಣವನ್ನು ತೀರ್ಪುಗಾರರು ಗುರುತಿಸುತ್ತಾರೆ. ತಲೆ, ಕೈ, ಕಾಲು ಲೆಕ್ಕಕ್ಕಿಲ್ಲ. ಸಾವಿರದ ಒಂದು ಭಾಗದವರೆಗೆ ಓದಿದ ಆ ಸಮಯವನ್ನು ಪ್ರಕಟಿಸುವಾಗ ಯಾವಾಗಲೂ ಮುಂದಿನ ನೂರನೇ ಭಾಗಕ್ಕೆ ಏರಿಸುತ್ತಾರೆ, ಇಳಿಸುವುದಿಲ್ಲ. ಅಂದರೆ 10.991 ಓಡಿದವರ ಹೆಸರಿನ ಮುಂದೆ ಬರುವುದು 11.00. ತೆನೋರಿಯೊ ಅಂದು 10.981ರಿಂದ 10.990ರ ಒಳಗೆ ಎಲ್ಲೋ ಇದ್ದರು. 11 ಸೆಕೆಂಡು ಎಂಬ ಗಡಿಗೆ ದೇಹಶಾಸ್ತ್ರದಲ್ಲಾಗಲೀ ಭೌತಶಾಸ್ತ್ರದಲ್ಲಾಗಲೀ ವಿಶೇಷ ಅರ್ಥವಿಲ್ಲ. ಆದರೆ ಕೂಟಗಳ ಆಹ್ವಾನ, ಪ್ರಾಯೋಜಕರ ಆಸಕ್ತಿ, ಪತ್ರಿಕೆಗಳ ತಲೆಬರಹ ಇವೆಲ್ಲ ಈ ಗಡಿಯ ಆಚೆಈಚೆ ಬದಲಾಗುತ್ತವೆ. ಅದಕ್ಕೂ ಮೊದಲು ಬ್ರೆಜಿಲ್‌ನ ಆನಾ ಕ್ಲೌಡಿಯಾ ಲೆಮೊಸ್ ಈ ಗಡಿಯ ಅಂಚಿನವರೆಗೆ ಬಂದು ನಿಂತಿದ್ದರು. ಗಡಿ ದಾಟಿದ ಮೊದಲ ದಕ್ಷಿಣ ಅಮೆರಿಕದ ಮಹಿಳೆ ತೆನೋರಿಯೊ. ಹೀಗೆ ಬೆಳ್ಳಿ ಪದಕದ ಓಟವೊಂದು ಖಂಡದ ದಾಖಲೆಯಾಯಿತು.

ಇಲ್ಲಿ ಹುಟ್ಟಿದ ವರ್ಷದ ವಿಚಾರ ಬರುತ್ತದೆ. ಅಥ್ಲೆಟಿಕ್ಸ್‌ನಲ್ಲಿ ವಯೋವರ್ಗವನ್ನು ನಿರ್ಧರಿಸುವುದು ಸ್ಪರ್ಧೆಯ ದಿನದ ವಯಸ್ಸಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ ಎಷ್ಟು ವರ್ಷ ತುಂಬುತ್ತದೆ ಎಂಬುದು. ಅಂದು 19 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅವರು 20 ವರ್ಷದೊಳಗಿನವರು. ಆಷರ್-ಸ್ಮಿತ್ ಹುಟ್ಟಿದ್ದು 1995ರ ಡಿಸೆಂಬರ್ 4ರಂದು, ತೆನೋರಿಯೊ 1996ರ ಜನವರಿ 27ರಂದು. ಇಬ್ಬರ ನಡುವೆ ಎರಡು ತಿಂಗಳ ಅಂತರವೂ ಇಲ್ಲ. ಆದರೆ ನಡುವೆ ಹೊಸ ವರ್ಷ ಬಂದುಹೋಯಿತು, ಆದ್ದರಿಂದ ಪಟ್ಟಿಗಳ ಮಟ್ಟಿಗೆ ಅವರಿಬ್ಬರ ನಡುವೆ ಒಂದು ಇಡೀ ವರ್ಷದ ಅಂತರ. ಟೊರಾಂಟೊ ಓಟ ನಡೆದ ಅದೇ ವಾರದಲ್ಲಿ ಆಷರ್-ಸ್ಮಿತ್ ಲಂಡನ್ನಿನಲ್ಲಿ ಓಡಿ 11 ಸೆಕೆಂಡಿನೊಳಗೆ ಬಂದ ಮೊದಲ ಬ್ರಿಟಿಷ್ ಮಹಿಳೆಯಾದರು. ಅವರ ಸಮಯವೂ 10.99! ಯೂಜೀನ್‌ನ ಚಿನ್ನ ಮತ್ತು ಬೆಳ್ಳಿ ವಿಜೇತರು, ಹೆಚ್ಚುಕಡಿಮೆ ಒಂದೇ ವಯಸ್ಸಿನವರು, ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ನೂರನೇ ಭಾಗದವರೆಗೂ ಒಂದೇ ಸಮಯ ಓಡಿದರು. ಆದರೂ ತೆನೋರಿಯೊ ಅವರ 10.99 ವಿಶ್ವದ 20 ವರ್ಷದೊಳಗಿನವರ ಸಾರ್ವಕಾಲಿಕ ಪಟ್ಟಿಗೆ ಸೇರಿತು, ಆಷರ್-ಸ್ಮಿತ್ ಅವರದು ಸೇರಲಿಲ್ಲ.

ಇದರ ಮಗ್ಗುಲಲ್ಲೇ ಇನ್ನೊಂದು ತೊಡಕಿದೆ. ವಿಶ್ವ ಜೂನಿಯರ್ ಕೂಟ ನಡೆಯುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳಲ್ಲಿ. 1996ರಲ್ಲಿ ಹುಟ್ಟಿದವರು ಅದರಲ್ಲಿ ಕೊನೆಯ ಬಾರಿ ಓಡಬಹುದಾದದ್ದು 18 ತುಂಬುವ ವರ್ಷದಲ್ಲಿ. 19ರ ವರ್ಷವಾದ 2015ರಲ್ಲಿ ಕೂಟವೇ ಇಲ್ಲ, 2016ರಲ್ಲಿ ಕೂಟ ಬರುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ತೆನೋರಿಯೊ ತಮ್ಮ ವಯೋವರ್ಗದಲ್ಲಿ ಅತ್ಯಂತ ವೇಗವಾಗಿದ್ದ ವರ್ಷದಲ್ಲಿ ಆ ವರ್ಗದ ವಿಶ್ವ ಚಿನ್ನಕ್ಕೆ ಸ್ಪರ್ಧೆಯೇ ಇರಲಿಲ್ಲ. ಜೂನಿಯರ್ ಪದಕಗಳ ಎಣಿಕೆಯಿಂದ ಪ್ರತಿಭೆಯನ್ನು ತೂಗುವವರು ಈ ಕ್ಯಾಲೆಂಡರ್ ಲೆಕ್ಕವನ್ನು ಸಾಮಾನ್ಯವಾಗಿ ಮರೆತೇಬಿಡುತ್ತಾರೆ.

ಆ ಬಳಿಕ ಯೂಜೀನ್‌ನ ಮೂವರ ದಾರಿಗಳು ಬೇರೆಯಾದವು. ಆಷರ್-ಸ್ಮಿತ್ 2019ರ ದೋಹಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 100 ಮೀಟರ್‌ನಲ್ಲಿ 10.83 ಓಡಿ ಬೆಳ್ಳಿಯನ್ನೂ 200 ಮೀಟರ್‌ನಲ್ಲಿ 21.88 ಓಡಿ ಚಿನ್ನವನ್ನೂ ಗೆದ್ದರು. ಬಾಲ್ಯದಿಂದ ಒಬ್ಬರೇ ಕೋಚ್, ಓದು ಮತ್ತು ತರಬೇತಿ ಎರಡೂ ಲಂಡನ್ನಿನಲ್ಲೇ, ಹತ್ತಿರದಲ್ಲೇ ಯುರೋಪಿನ ದೊಡ್ಡ ಕೂಟಗಳು ಎಂಬ ಸ್ಥಿರತೆ ಅವರಿಗೆ ಇತ್ತು. ವಿಟ್ನಿ 16ನೇ ವಯಸ್ಸಿನಲ್ಲೇ ವೃತ್ತಿಪರ ಓಟಗಾರ್ತಿಯಾಗಿ, 2015ರ ಟೊರಾಂಟೊ ಕೂಟದಲ್ಲಿ 200 ಮೀಟರ್ ಚಿನ್ನ ಗೆದ್ದು, ಕ್ರಮೇಣ 400 ಮೀಟರ್ ಕಡೆಗೆ ಸರಿದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ರಿಲೇ ಪದಕಗಳನ್ನು ಪಡೆದರು. ತೆನೋರಿಯೊ ಅವರ 10.99, 2016ರ ಒಲಿಂಪಿಕ್ಸ್‌ಗೆ ನಿಗದಿಯಾಗಿದ್ದ 11.32ರ ಅರ್ಹತಾ ಮಟ್ಟಕ್ಕಿಂತ ಬಹಳ ಮುಂದಿತ್ತು. ರಿಯೊದಲ್ಲಿ ಅವರು ಓಡಿದರು, ಫೈನಲ್‌ವರೆಗೆ ಹೋಗಲಿಲ್ಲ. 19ರಲ್ಲಿ ಓಡಿದ ಆ ಸಮಯವೇ ಅವರ ಶ್ರೇಷ್ಠ ಸಾಧನೆಯಾಗಿ ಉಳಿಯಿತು.

ಇದನ್ನು ವೈಫಲ್ಯ ಎನ್ನುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. 100 ಮೀಟರ್ ಓಟದಲ್ಲಿ 11.4ರಿಂದ 11.0ಕ್ಕೆ ಬರುವುದು ಒಂದು ಕೆಲಸ, 11.0ರಿಂದ 10.8ಕ್ಕೆ ಹೋಗುವುದು ಬೇರೆಯದೇ ಕೆಲಸ. ಹದಿಹರೆಯದಲ್ಲಿ ದೇಹ ತಾನಾಗಿಯೇ ಬಲಿಯುವುದರಿಂದಲೂ, ಮೊದಲ ಬಾರಿ ಕ್ರಮಬದ್ಧವಾಗಿ ಭಾರ ಎತ್ತುವುದು ಮತ್ತು ಸ್ಟಾರ್ಟಿಂಗ್ ಬ್ಲಾಕ್‌ನಿಂದ ಚಿಮ್ಮುವುದನ್ನು ತಿದ್ದಿಕೊಳ್ಳುವುದರಿಂದಲೂ ಸಮಯ ಬೇಗ ಇಳಿಯುತ್ತದೆ. ಆ ಸುಲಭದ ಇಳಿಕೆ ಮುಗಿದ ಮೇಲೆ ಪ್ರತಿ ನೂರನೇ ಭಾಗಕ್ಕೂ ಹೆಚ್ಚು ತೀವ್ರವಾದ ತರಬೇತಿ ಬೇಕು, ತೀವ್ರತೆ ಹೆಚ್ಚಿದಂತೆ ತೊಡೆಯ ಹಿಂಬದಿಯ ಸ್ನಾಯು ಕೈಕೊಡುವ ಅಪಾಯವೂ ಹೆಚ್ಚು. ದಕ್ಷಿಣ ಅಮೆರಿಕದ ಓಟಗಾರ್ತಿಗೆ ಇದರ ಜೊತೆ ಇನ್ನೊಂದು ಸಮಸ್ಯೆ: ದಕ್ಷಿಣ ಅಮೆರಿಕನ್ ಚಾಂಪಿಯನ್‌ಷಿಪ್, ಬೊಲಿವಾರಿಯನ್ ಕ್ರೀಡಾಕೂಟ, ಐಬೆರೊ-ಅಮೆರಿಕನ್ ಕೂಟ ಎಂದು ಪದಕ ಗೆಲ್ಲುವ ಅವಕಾಶಗಳು ಅಲ್ಲಿ ಧಾರಾಳವಾಗಿವೆ, ಆದರೆ 11 ಸೆಕೆಂಡಿನೊಳಗೆ ಓಡುವ ಎದುರಾಳಿಗಳು ಆ ಕೂಟಗಳಲ್ಲಿ ಸಿಗುವುದಿಲ್ಲ. ಟೊರಾಂಟೊದಲ್ಲಿ ಒಂದು ಕಡೆ ಸಿಂಪ್ಸನ್, ಇನ್ನೊಂದು ಕಡೆ ಪಿಯರ್ ಎಳೆದುಕೊಂಡು ಹೋದಾಗಲೇ ಆ ಸಮಯ ಬಂದದ್ದು ಆಕಸ್ಮಿಕವಲ್ಲ.

ಇದೇ ಖಂಡದ ಇನ್ನೊಬ್ಬರ ವೃತ್ತಿಜೀವನ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. ಬ್ರೆಜಿಲ್‌ನ ರೋಸಾಂಜೆಲಾ ಸಾಂತೋಸ್ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 17ನೇ ವಯಸ್ಸಿಗೇ 4x100 ಮೀಟರ್ ರಿಲೇ ತಂಡದಲ್ಲಿ ಓಡಿದ್ದರು. ಆ ತಂಡ ನಾಲ್ಕನೆಯ ಸ್ಥಾನ ಪಡೆದು ಬರಿಗೈಯಲ್ಲಿ ಮರಳಿತು. ಚಿನ್ನ ಗೆದ್ದಿದ್ದ ರಷ್ಯಾ ತಂಡ ಉದ್ದೀಪನ ಮದ್ದಿನ ಕಾರಣಕ್ಕೆ ಅನರ್ಹಗೊಂಡದ್ದು 2016ರಲ್ಲಿ. ಹೀಗೆ ಎಂಟು ವರ್ಷಗಳ ಬಳಿಕ ಆ ಓಟ ಕಂಚಿನ ಪದಕದ ಓಟವಾಯಿತು. ವೈಯಕ್ತಿಕ ಓಟದಲ್ಲಿ ಸಾಂತೋಸ್ ನಿಧಾನವಾಗಿ ಮೇಲೆ ಬಂದರು. 2011ರಲ್ಲಿ ಅವರು ಪ್ಯಾನ್ ಅಮೆರಿಕನ್ ಚಿನ್ನ ಗೆದ್ದಾಗ ಸಮಯ 11.22. 11 ಸೆಕೆಂಡಿನೊಳಗೆ ಬಂದದ್ದು 2017ರ ಆಗಸ್ಟ್‌ನಲ್ಲಿ, ಲಂಡನ್ ವಿಶ್ವ ಚಾಂಪಿಯನ್‌ಷಿಪ್‌ನ ಸೆಮಿಫೈನಲ್‌ನಲ್ಲಿ 10.91 ಓಡಿದಾಗ. ಅಲ್ಲಿಗೆ ತೆನೋರಿಯೊ ಅವರ ದಕ್ಷಿಣ ಅಮೆರಿಕನ್ ದಾಖಲೆ ಎರಡು ವರ್ಷ ಬಾಳಿ ಕೊನೆಗೊಂಡಿತು. ಸಾಂತೋಸ್ ಅವರಿಗೆ ಆಗ 26 ವರ್ಷ, ಆದ್ದರಿಂದ ಮುರಿದದ್ದು ಹಿರಿಯರ ವಿಭಾಗದ ದಾಖಲೆ ಮಾತ್ರ. ಖಂಡದ 20 ವರ್ಷದೊಳಗಿನವರ ಪಟ್ಟಿಯ ತುದಿಯಲ್ಲಿದ್ದ 10.99 ಅದರಿಂದ ಅಲುಗಾಡಲಿಲ್ಲ.